ಭೀಮಕಾಯರ ಬೆಲೆ: ಕಬಡ್ಡಿ ಅಂಗಣದಲ್ಲಿ ದೊಡ್ಡ ಆಳಿನ ಏಳುಬೀಳು

ಸುಗ್ಗಿಯ ಕೊಯ್ಲು ಮುಗಿದು ಗದ್ದೆಗಳು ಒಣಗಿ ಬಿರುಕು ಬಿಡುವ ಹೊತ್ತಿಗೆ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಇನ್ನೊಂದು ಬೆಳೆ ಏಳುತ್ತದೆ. ಬಸ್ಸು ತಂಗುದಾಣದ ಗೋಡೆಗಳಲ್ಲಿ, ಪೇಟೆಯ ವಿದ್ಯುತ್ ಕಂಬಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟದ ಪ್ರಕಟಣೆಗಳು ಕಾಣಿಸಿಕೊಳ್ಳುತ್ತವೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮಲಯಾಳ. ಧ್ವನಿವರ್ಧಕದಲ್ಲಿ ಎರಡರ ನಡುವೆ ತುಳು. ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ ಎಂಬ ಪ್ರಶಸ್ತಿಗಳ ಪಟ್ಟಿಯ ಮೇಲೆ, ದಪ್ಪ ಅಕ್ಷರಗಳಲ್ಲಿ ಒಂದು ಅಂಕಿ ಇರುತ್ತದೆ: 55 ಕಿಲೋ, 60 ಕಿಲೋ, 65 ಕಿಲೋ. ಅಷ್ಟಕ್ಕಿಂತ ಹೆಚ್ಚು ತೂಗುವವನಿಗೆ ಆ ರಾತ್ರಿಯ ಅಂಗಣದಲ್ಲಿ ಪ್ರವೇಶವಿಲ್ಲ ಎಂಬುದು ಅದರ ಅರ್ಥ. ಅಂತಹವನಿಗೆ 'ಮುಕ್ತ ಕಬಡ್ಡಿ' ಎಂಬ ಇನ್ನೊಂದು ಪ್ರಕಟಣೆ ಬರುವ ತನಕ ಕಾಯುವುದೊಂದೇ ದಾರಿ.

ಈ ಒಂದು ಅಂಕಿಯ ಹಿಂದೆ ಒಂದು ಇತಿಹಾಸವಿದೆ. ಗಟ್ಟಿಮುಟ್ಟಾದ ದೊಡ್ಡ ದೇಹದ ಮನುಷ್ಯನಿಗೆ ಆಟದಲ್ಲಿ ಯಾವ ಸ್ಥಾನ, ಎಷ್ಟು ಬೆಲೆ ಎಂಬ ಪ್ರಶ್ನೆಯ ಇತಿಹಾಸ ಅದು. ಯುದ್ಧಗಳ, ಅರಸುಮನೆತನಗಳ ಚರಿತ್ರೆಯನ್ನು ಬರೆದುಕೊಂಡಷ್ಟು ಶ್ರದ್ಧೆಯಿಂದ ನಾವು ನಮ್ಮ ಆಟಗಳ ಚರಿತ್ರೆಯನ್ನು ಬರೆದುಕೊಂಡಿಲ್ಲ. ಆದರೆ ಒಂದು ಸಮಾಜವು ಯಾವ ಬಗೆಯ ದೇಹವನ್ನು ಮೆಚ್ಚಿತು, ಯಾವುದನ್ನು ಬದಿಗೆ ಸರಿಸಿತು ಎಂಬುದನ್ನು ತಿಳಿಯಲು ಆಟದ ಅಂಗಣಕ್ಕಿಂತ ಒಳ್ಳೆಯ ದಾಖಲೆ ಸಿಗಲಾರದು. ಆದುದರಿಂದ ಈ ಸಮ್ಮೇಳನದ ಸಂದರ್ಭದಲ್ಲಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡಬಯಸುತ್ತೇವೆ.

ಉಸಿರು ಇರುವ ತನಕ

ಕಬಡ್ಡಿಗೆ ಹೆಸರುಗಳು ಹಲವು. ಮರಾಠಿಗರ ಹುತುತು, ತಮಿಳು ತೆಲುಗರ ಚಡುಗುಡು, ಬಂಗಾಳದ ಹಾಡುಡು ಎಲ್ಲವೂ ಮೂಲದಲ್ಲಿ ಒಂದೇ: ಒಂದೇ ಉಸಿರಿನಲ್ಲಿ ಎದುರಾಳಿಯ ನೆಲವನ್ನು ಹೊಕ್ಕು, ಮುಟ್ಟಿ, ಹಿಂದಿರುಗುವುದು. ನಿಯಮಗಳು ಒಂದಾಗುವ ಮೊದಲು ಸಂಜೀವಿನಿ, ಗಾಮಿನಿ, ಅಮರ್ ಎಂಬ ಮೂರು ಕ್ರಮಗಳು ರೂಢಿಯಲ್ಲಿದ್ದವು. ಔಟಾದವನು ಮತ್ತೆ ಬದುಕಿ ಬರುವುದು ಸಂಜೀವಿನಿ. ತಂಡವೇ ಮುಗಿಯುವ ತನಕ ಹೊರಗೇ ಉಳಿಯುವುದು ಗಾಮಿನಿ. ಔಟಾದರೂ ಅಂಗಣ ಬಿಡದೆ ಅಂಕ ಮಾತ್ರ ಎಣಿಕೆಯಾಗುವುದು ಅಮರ್. ಇಂದಿನ ಕಬಡ್ಡಿ ಸಂಜೀವಿನಿಯ ಮಗು.

ಹಳೆಯ ಆಟದಲ್ಲಿ ದಾಳಿಗೆ ಗಡಿಯಾರದ ಮಿತಿ ಇರಲಿಲ್ಲ. ಉಸಿರೇ ಅದರ ಮಿತಿ. ಹಿಡಿತಕ್ಕೆ ಸಿಕ್ಕಿದ ದಾಳಿಗಾರನು ಉಸಿರು ಕಡಿಯದೆ ನಡುಗೆರೆಯನ್ನು ಮುಟ್ಟಿದರೆ ಹಿಡಿದವರೆಲ್ಲರೂ ಔಟು. ಇಂತಹ ಆಟದಲ್ಲಿ ದೊಡ್ಡ ಆಳಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ವರು ಸೊಂಟಕ್ಕೂ ತೊಡೆಗೂ ಜೋತುಬಿದ್ದಿದ್ದರೂ ಅವರನ್ನು ಎಳೆದುಕೊಂಡೇ ಗೆರೆಯತ್ತ ತೆವಳುವ ಭೀಮಕಾಯ, ಕೊಯ್ದ ಪೈರಿನ ಕೂಳೆಗಳ ಮೇಲೆ ಮೊಣಕೈ ಕೆತ್ತಿಹೋದರೂ ಬಿಡದ ಅವನ ಉಸಿರು: ಇದು ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿರುವ ಕಬಡ್ಡಿಯ ಚಿತ್ರ. ರಕ್ಷಣೆಯಲ್ಲೂ ಹಾಗೆಯೇ. ಸರಪಳಿಯಂತೆ ಕೈ ಹಿಡಿದು ನಿಂತವರ ನಡುವೆ ಒಬ್ಬ ದಪ್ಪ ಆಳು ಇದ್ದರೆ ಸರಪಳಿಗೆ ಲಂಗರು ಇದ್ದಂತೆ. ಹಗಲಿಡೀ ಅಡಕೆ ಹೊರುವ, ಉಳುವ, ಕಲ್ಲು ಕಡಿಯುವ ಶರೀರಗಳು ಸಂಜೆ ಅಂಗಣಕ್ಕೆ ಬರುತ್ತಿದ್ದ ಕಾಲವದು. ದುಡಿಮೆಯ ಬಲವೇ ಆಟದ ಬಲವೂ ಆಗಿತ್ತು.

ನಮ್ಮ ಕಾವ್ಯಪರಂಪರೆಯೂ ಈ ದೇಹವನ್ನು ಕೊಂಡಾಡಿದ್ದೇ. ಪಂಪನ ಕಥಾನಾಯಕ ಅರ್ಜುನನಾದರೆ ರನ್ನನ ಗದಾಯುದ್ಧದಲ್ಲಿ ಆ ಪಟ್ಟ ಭೀಮನಿಗೆ ಸಂದಿತು. ಬಿಲ್ಲಿನ ಚುರುಕಿಗೂ ಗದೆಯ ಭಾರಕ್ಕೂ ನಡುವಿನ ಈ ಸ್ಪರ್ಧೆ ಹಳೆಯದು. ಕಬಡ್ಡಿಯಲ್ಲಿ ಅದು ಇನ್ನೂ ಮುಗಿದಿಲ್ಲ.

ತಕ್ಕಡಿ ಬಂದಾಗ

1936ರ ಬರ್ಲಿನ್ ಒಲಿಂಪಿಕ್ಸ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಅಲ್ಲಿ ಭಾರತೀಯ ಆಟಗಳ ಪ್ರದರ್ಶನ ನೀಡಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಒಕ್ಕೂಟ ಹುಟ್ಟಿತು. ಬಳಿಕ 1970ರ ದಶಕದಲ್ಲಿ ಅಮೆಚೂರ್ ಕಬಡ್ಡಿ ಫೆಡರೇಷನ್ ರೂಪುಗೊಂಡಿತು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಕಬಡ್ಡಿಯ ಪ್ರದರ್ಶನ ನಡೆಯಿತು. 1990ರಲ್ಲಿ ಬೀಜಿಂಗಿನಲ್ಲಿ ಅದು ಪದಕದ ಆಟವಾಯಿತು.

ಆಟವು ಊರಿನಿಂದ ದೇಶಕ್ಕೆ, ದೇಶದಿಂದ ಖಂಡಕ್ಕೆ ಬೆಳೆದಂತೆ ಅಳತೆಗಳು ಬಂದವು. ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಅಂಗಣ. ಅಂಗಣದಲ್ಲಿ ಏಳು ಮಂದಿ. ದಾಳಿಗೆ 30 ಸೆಕೆಂಡು. ಇವುಗಳ ಜೊತೆಗೇ ತಕ್ಕಡಿಯೂ ಬಂತು. ಹಿರಿಯ ಪುರುಷರಿಗೆ ಹಿಂದೆ 80 ಕಿಲೋ ಇದ್ದ ಮಿತಿ ಈಗ 85 ಕಿಲೋ. ಕಿರಿಯರಿಗೆ ವಯಸ್ಸಿನ ಜೊತೆ ತೂಕದ ಮಿತಿಯೂ ಇದೆ. ಎತ್ತರ ಎಷ್ಟಿದ್ದರೂ ಅಡ್ಡಿಯಿಲ್ಲ. ತೂಕ ಮಾತ್ರ ಮೀರಬಾರದು.

ಈ ನಿರ್ಬಂಧದ ವಿಶೇಷತೆ ಅರಿಯಬೇಕಾದರೆ ಪಂಜಾಬಿನ ವೃತ್ತ ಕಬಡ್ಡಿಯನ್ನು ನೋಡಬೇಕು. ಅಲ್ಲಿ ದುಂಡಗಿನ ವಿಶಾಲ ಬಯಲಿನಲ್ಲಿ ಒಬ್ಬ ದಾಳಿಗಾರನನ್ನು ಒಬ್ಬನೇ ತಡೆಯಬೇಕು; ಆಟ ಬಹುಮಟ್ಟಿಗೆ ಕುಸ್ತಿ. ಅಖಾಡದಲ್ಲಿ ಬೆಳೆದ ಮಲ್ಲರಿಗೆ ಅಲ್ಲಿ ಇಂದಿಗೂ ಪ್ರಥಮ ಮರ್ಯಾದೆ. ನಮ್ಮ ಚೌಕದ ಅಂಗಣವು ಆ ಮಲ್ಲರಲ್ಲಿ ಹಲವರನ್ನು ಬಾಗಿಲಲ್ಲೇ ತಡೆಯಿತು. ಅದೇ ಕಾರಣದಿಂದ ಕೃಶವಾದರೂ ಚುರುಕಾದ ಶರೀರದ ಕರಾವಳಿಯ ಹುಡುಗನಿಗೆ ಅವಕಾಶ ತೆರೆಯಿತು ಎಂಬುದನ್ನೂ ನಾವು ಒಪ್ಪಬೇಕು. ತೂಕದ ಮಿತಿ ಒಬ್ಬನಿಗೆ ಅನ್ಯಾಯವೆಂದು ಕಂಡರೆ ಇನ್ನೊಬ್ಬನಿಗೆ ನ್ಯಾಯ.

ಒಳಗಿನ ನಿಯಮಗಳೂ ಅದೇ ದಿಕ್ಕಿಗೆ ಸಾಗಿದವು. ಬೋನಸ್ ಗೆರೆ ಬಂದ ಮೇಲೆ, ಎದುರಿಗೆ ಆರು ಅಥವಾ ಏಳು ಮಂದಿ ಇರುವಾಗ ದಾಳಿಗಾರನು ಯಾರನ್ನೂ ಮುಟ್ಟದೆ, ಒಂದು ಪಾದವನ್ನು ಗೆರೆಯಾಚೆ ಊರಿ ಇನ್ನೊಂದನ್ನು ಗಾಳಿಯಲ್ಲಿರಿಸಿ, ಅಂಕ ಪಡೆಯುವಂತಾಯಿತು. ದೇಹಕ್ಕೆ ದೇಹ ತಾಗದೆಯೇ ಗಳಿಕೆ! ಮಣ್ಣಿನ ಬದಲು ಮ್ಯಾಟ್ ಬಂತು. ಬರಿಗಾಲಿನ ಬದಲು ಬೂಟು ಬಂತು. ಮ್ಯಾಟಿನ ಮೇಲೆ ಓಟದ ವೇಗ, ತಿರುವಿನ ಚುರುಕು ಹೆಚ್ಚಿತು. ನಿಂತಲ್ಲೇ ಬೇರೂರಿ ಆಡುತ್ತಿದ್ದ ದೊಡ್ಡ ಆಳಿಗೆ ತನ್ನ ಬೇರೇ ಭಾರವಾಯಿತು.

ದೂರದ ಒಂದು ಕನ್ನಡಿ

ಇಲ್ಲಿ ನಮ್ಮ ಆಟವನ್ನು ಬಿಟ್ಟು ಬಾಸ್ಕೆಟ್‌ಬಾಲಿನತ್ತ ಒಮ್ಮೆ ಹೊರಳುವುದು ಉಪಯುಕ್ತ. ಅದು ನಮಗೆ ಪೂರ್ಣ ಅಪರಿಚಿತವಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ರೂಪಿಸಿದ ಆ ಆಟವನ್ನು ಅದೇ ಸಂಸ್ಥೆಯವರು ಭಾರತಕ್ಕೂ ತಂದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಸಂಸ್ಥೆ, ಕಾಸರಗೋಡು ಮದ್ರಾಸು ಪ್ರಾಂತದ ದಕ್ಷಿಣ ಕನ್ನಡದೊಳಗಿದ್ದ ಕಾಲದಲ್ಲಿ ನಮ್ಮದೇ ರಾಜಧಾನಿಯ ಸಂಸ್ಥೆಯಾಗಿತ್ತು.

ಹತ್ತು ಅಡಿ ಎತ್ತರದ ಬುಟ್ಟಿಗೆ ಚೆಂಡು ಹಾಕುವ ಆಟದಲ್ಲಿ ಎತ್ತರದವನೇ ಅರಸನಾಗುವುದು ಸಹಜ. 6 ಅಡಿ 10 ಅಂಗುಲದ ಜಾರ್ಜ್ ಮೈಕನ್ 1949ರಿಂದ 1954ರೊಳಗೆ ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ ಐದು ಬಾರಿ ಪ್ರಶಸ್ತಿ ಗೆದ್ದುಕೊಟ್ಟನು. ಅವನನ್ನು ಬುಟ್ಟಿಯಿಂದ ದೂರವಿಡಲು 1951ರಲ್ಲಿ ಬುಟ್ಟಿಯ ಮುಂದಿನ ನಿರ್ಬಂಧಿತ ಪಟ್ಟಿಯನ್ನು 6 ಅಡಿಯಿಂದ 12 ಅಡಿಗೆ ಅಗಲಿಸಿದರು. 1962ರಲ್ಲಿ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ ವಿಲ್ಟ್ ಚೇಂಬರ್ಲೇನನ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು. ದೊಡ್ಡ ಮನುಷ್ಯ ಬೆಳೆದಷ್ಟೂ ಅವನನ್ನು ಕಟ್ಟುವ ಗೆರೆ ಅಗಲವಾಗುತ್ತ ಹೋಯಿತು.

1979ರಲ್ಲಿ ಎನ್.ಬಿ.ಎ. ಮೂರು ಅಂಕದ ಗೆರೆಯನ್ನು ತಂದಿತು. ಕೂಡಲೇ ಏನೂ ಆಗಲಿಲ್ಲ. 1984ರ ಆಯ್ಕೆಯಲ್ಲಿ ಪೋರ್ಟ್‌ಲ್ಯಾಂಡ್ ತಂಡವು ಮೈಕಲ್ ಜೋರ್ಡನ್‌ನನ್ನು ಬಿಟ್ಟು ಸ್ಯಾಮ್ ಬೋವಿ ಎಂಬ ಎತ್ತರದ ಆಟಗಾರನನ್ನೇ ಆರಿಸಿತು. ದೊಡ್ಡ ಆಳಿನ ಮೇಲೆ ಅಷ್ಟು ನಂಬಿಕೆ. ಮೂರು ದಶಕ ಕಳೆಯುವಷ್ಟರಲ್ಲಿ ಲೆಕ್ಕ ತಿರುಗಿತು. ದೂರದಿಂದ ಹಾಕಿದ ಚೆಂಡಿಗೆ ಮೂರು, ಬುಟ್ಟಿಯ ಬುಡದಲ್ಲಿ ಹೋರಾಡಿ ಹಾಕಿದ್ದಕ್ಕೆ ಎರಡು ಎಂಬ ಸರಳ ಗಣಿತವನ್ನು ಸ್ಟೀಫನ್ ಕರಿಯಂತಹವರು ಕಾರ್ಯರೂಪಕ್ಕೆ ತಂದರು. 2015ರಲ್ಲಿ ಅವನ ತಂಡ ಗೋಲ್ಡನ್ ಸ್ಟೇಟ್ ಗಿಡ್ಡ ಆಟಗಾರರ ಪಡೆಯನ್ನಿಟ್ಟುಕೊಂಡೇ ಪ್ರಶಸ್ತಿ ಗೆದ್ದಿತು. ಕಾಕತಾಳೀಯವೆಂಬಂತೆ ಅದೇ ವರ್ಷ ಪಂಜಾಬಿನ ಸತ್ನಾಮ್ ಸಿಂಗ್ ಎನ್.ಬಿ.ಎ.ಗೆ ಆಯ್ಕೆಯಾದ ಪ್ರಥಮ ಭಾರತೀಯನಾದನು. ಏಳು ಅಡಿ ಮೀರಿದ ಆ ಯುವಕನನ್ನು 52ನೆಯವನಾಗಿ ಡಲ್ಲಾಸ್ ತಂಡ ಆರಿಸಿಕೊಂಡಿತು. ಆದರೆ ಅವನಿಗೆ ಎನ್.ಬಿ.ಎ. ಪಂದ್ಯದಲ್ಲಿ ಆಡುವ ಯೋಗ ಬರಲಿಲ್ಲ. ಬುಟ್ಟಿಯ ಬುಡದ ದೊಡ್ಡ ಆಳಿಗೆ ಬೇಡಿಕೆ ಇಳಿಯುತ್ತಿದ್ದ ಹೊತ್ತಿಗೆ ಅವನು ಆ ಬಾಗಿಲಲ್ಲಿ ನಿಂತಿದ್ದನು.

ದೊಡ್ಡವರ ಕಥೆ ಮುಗಿಯಿತೆಂದು ಎಲ್ಲರೂ ಬರೆದಿಟ್ಟಾಗ ಸೆರ್ಬಿಯಾದ ನಿಕೋಲಾ ಯೋಕಿಚ್ ಬಂದನು. 2014ರಲ್ಲಿ 41ನೆಯವನಾಗಿ ಆಯ್ಕೆಗೊಂಡ ಈ ಸ್ಥೂಲಕಾಯನು 2021, 2022, 2024ರಲ್ಲಿ ವರ್ಷದ ಅತ್ಯಮೂಲ್ಯ ಆಟಗಾರನಾದನು. ಅವನ ಹಿರಿಮೆ ಗಾತ್ರದಲ್ಲಷ್ಟೇ ಇರಲಿಲ್ಲ. ಚೆಂಡನ್ನು ಜೊತೆಗಾರರಿಗೆ ಹಂಚುವ ದೃಷ್ಟಿಯನ್ನು, ದೂರದಿಂದ ಬುಟ್ಟಿಗೆ ಹಾಕುವ ಕೌಶಲವನ್ನು ಅವನು ದೊಡ್ಡ ದೇಹದೊಳಕ್ಕೆ ತಂದುಕೊಂಡಿದ್ದನು. ನಿಯಮ ಬದಲಾದಾಗ ಅಳಿಯುವುದು ದೇಹವಲ್ಲ, ಆ ದೇಹಕ್ಕೆ ನಾವು ಕೊಟ್ಟಿದ್ದ ಹಳೆಯ ಕೆಲಸ. ಈ ಮಾತನ್ನು ನೆನಪಿಟ್ಟುಕೊಂಡು ಕಬಡ್ಡಿಗೆ ಮರಳೋಣ.

ಹರಾಜಿನ ಅಂಗಳ

ವೃತ್ತಿಪರ ಲೀಗು ಬರುವ ಮೊದಲು ಕಬಡ್ಡಿ ಆಟಗಾರನ ಬೆಲೆಯೆಂದರೆ ಒಂದು ಸರಕಾರಿ ಅಥವಾ ಬ್ಯಾಂಕಿನ ಉದ್ಯೋಗ. ರೈಲ್ವೆ, ಸೇನೆ, ಪೊಲೀಸು ಇಲಾಖೆಗಳ ತಂಡಗಳಂತೆ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ತಂಡವೂ ಕರಾವಳಿಯ ಹುಡುಗರ ಕನಸಾಗಿತ್ತು. ಆ ಬೆಲೆ ಸಣ್ಣದಾದರೂ ದೀರ್ಘಾಯುಷಿ: ಆಟ ನಿಂತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡಾಗ ಕರಾವಳಿಯ ಕಬಡ್ಡಿಯ ಪಾಲಿಗೂ ಒಂದು ಅಧ್ಯಾಯ ಮುಗಿಯಿತು.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 2014ರ ಜುಲೈ 26ರಂದು ಎಂಟು ತಂಡಗಳ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ಮೊದಲ ಹರಾಜಿನಲ್ಲಿ ಅತ್ಯಧಿಕ ಬೆಲೆ ಪಡೆದವನು ರಾಕೇಶ್ ಕುಮಾರ್. ಪಾಟ್ನಾ ಪೈರೇಟ್ಸ್ ಅವನಿಗೆ 12 ಲಕ್ಷ 80 ಸಾವಿರ ರೂಪಾಯಿ ಕೊಟ್ಟಿತು. ಅವನು ದಾಳಿಗೂ ಹಿಡಿತಕ್ಕೂ ಸೈ ಎನಿಸಿದ, ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ ಸವ್ಯಸಾಚಿ. ಬೆಂಗಳೂರು ಬುಲ್ಸ್ ಪರ ಆಡಿದ ಮಂಜೀತ್ ಚಿಲ್ಲರನೂ ಅದೇ ಅಚ್ಚಿನವನು.

ಆದರೆ ದೂರದರ್ಶನದ ಪರದೆಗೆ ದಾಳಿಗಾರನೇ ಹೆಚ್ಚು ಪ್ರಿಯನಾದನು. ಒಬ್ಬನು ಏಳು ಮಂದಿಯ ನಡುವೆ ನುಗ್ಗುವ ದೃಶ್ಯವನ್ನು ಕ್ಯಾಮೆರಾ ಸುಲಭವಾಗಿ ಹಿಡಿಯುತ್ತದೆ. ಮೂಲೆಯಲ್ಲಿ ಕಾದು ಕುಳಿತವನ ತಾಳ್ಮೆಯನ್ನು ಹಿಡಿಯದು. ಎರಡು ಬರಿದಾದ ದಾಳಿಗಳ ಬಳಿಕ ಮೂರನೆಯದರಲ್ಲಿ ಅಂಕ ಗಳಿಸಲೇಬೇಕು, ಇಲ್ಲವೇ ಔಟು ಎಂಬ ನಿಯಮ ದಾಳಿಗಾರನನ್ನು ಆಟದ ನಡುಮಧ್ಯಕ್ಕೆ ತಂದಿತು. 2018ರ ಹರಾಜಿನಲ್ಲಿ ಆರು ಮಂದಿ ಕೋಟಿ ರೂಪಾಯಿಯ ಗೆರೆ ಮುಟ್ಟಿದರು. 1 ಕೋಟಿ 51 ಲಕ್ಷಕ್ಕೆ ಹರಿಯಾಣ ಸ್ಟೀಲರ್ಸ್ ಸೇರಿದ ಮೋನು ಗೋಯತ್ ಅವರಲ್ಲಿ ಮೊದಲಿಗ. ಆರರಲ್ಲಿ ಅಪ್ಪಟ ರಕ್ಷಣಾ ಆಟಗಾರನೆಂದರೆ ಇರಾನಿನ ಫಜಲ್ ಅತ್ರಾಚಲಿ ಒಬ್ಬನೇ. ಯು ಮುಂಬಾ ಅವನಿಗೆ 1 ಕೋಟಿ ಕೊಟ್ಟಿತು. ಅದೇ ಹರಾಜಿನಲ್ಲಿ ನಮ್ಮ ನೆರೆಯ ಪುತ್ತೂರಿನ ನೀಳಕಾಯದ ದಾಳಿಗಾರ ಪ್ರಶಾಂತ್ ಕುಮಾರ್ ರೈ 79 ಲಕ್ಷಕ್ಕೆ ಯುಪಿ ಯೋಧಾ ಸೇರಿದರು. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ನ ಬೆಲೆ 2 ಕೋಟಿ 60 ಲಕ್ಷ ದಾಟಿತು.

ಹೀಗೆ ಚುರುಕಿನ ದೇಹವೇ ಗೆದ್ದಿತೆಂದು ತೋರುತ್ತಿದ್ದಾಗ ಇರಾನ್ ಬೇರೆ ಪಾಠ ಕಲಿಸಿತು. 1990ರಿಂದ ಏಷ್ಯನ್ ಕ್ರೀಡಾಕೂಟದ ಸ್ವರ್ಣವನ್ನು ಬೇರೆಯವರಿಗೆ ಬಿಟ್ಟುಕೊಡದಿದ್ದ ಭಾರತದ ಪುರುಷರ ತಂಡ 2018ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇರಾನಿಗೆ 18–27ರಿಂದ ಸೋತಿತು. ಕುಸ್ತಿಯ ದೀರ್ಘ ಪರಂಪರೆಯುಳ್ಳ ಆ ನಾಡಿನ ಆಟಗಾರರು ತೂಕದ ಮಿತಿಯೊಳಗೇ ಇದ್ದು, ಗಟ್ಟಿ ದೇಹವನ್ನು ಹಿಡಿತದ ಕಲೆಯಾಗಿ ಪರಿವರ್ತಿಸಿದ್ದರು. ನಿಯಮವೂ ಅವರ ನೆರವಿಗಿತ್ತು. ಅಂಗಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಮಂದಿ ಉಳಿದಿರುವಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಅಂತಹ ಗಳಿಗೆಯಲ್ಲಿ ಸರಪಳಿ ಕಟ್ಟಲು ಜನರಿಲ್ಲ. ಒಬ್ಬನೇ ಹಿಡಿದು ನಿಲ್ಲಿಸಬಲ್ಲ ದೇಹ ಬೇಕು. ಸೂಪರ್ ಟ್ಯಾಕಲ್ ಎಂಬ ಈ ನಿಯಮ ದೊಡ್ಡ ಆಳಿಗೆ ಹಿಂಬಾಗಿಲಿನಿಂದ ಮರಳಿ ಪ್ರವೇಶ ಕೊಟ್ಟಿತು.

ಇದರ ಉತ್ತಮ ಉದಾಹರಣೆ ಇರಾನಿನವನೇ ಆದ ಮೊಹಮ್ಮದ್‌ರೆಜಾ ಶಾದ್ಲೂಯಿ. ಎಡ ಮೂಲೆಯಲ್ಲಿ ನಿಲ್ಲುವ ಈ ಎತ್ತರದ, ಗಟ್ಟಿಮುಟ್ಟಾದ ಆಟಗಾರನನ್ನು 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ 2 ಕೋಟಿ 35 ಲಕ್ಷಕ್ಕೆ ಕೊಂಡಿತು. ಕನ್ನಡಿಗ ಬಿ. ಸಿ. ರಮೇಶ್ ಅವರ ತರಬೇತಿಯಲ್ಲಿದ್ದ ಆ ತಂಡ ಪ್ರಶಸ್ತಿ ಗೆದ್ದಿತು. ಮರುವರ್ಷ ಅವನು 2 ಕೋಟಿ 7 ಲಕ್ಷಕ್ಕೆ ಹರಿಯಾಣಕ್ಕೆ ಹೋದನು. ಆ ತಂಡವೂ ಗೆದ್ದಿತು. ಹಿಡಿತದ ಜೊತೆಗೆ ದಾಳಿಯನ್ನೂ ಕಲಿತದ್ದೇ ಅವನ ಬೆಲೆಯ ಗುಟ್ಟು. ಯೋಕಿಚ್‌ನ ಕಥೆಯೇ ಇಲ್ಲಿ ಮತ್ತೊಮ್ಮೆ ಕಾಣುತ್ತದೆ.

ನಮ್ಮ ಊರಿನ ಪಾಲು

ಈ ಏಳುಬೀಳನ್ನು ನಾವು ದೂರದಿಂದ ನೋಡಿದವರಲ್ಲ. 2015ರಲ್ಲಿ ಯು ಮುಂಬಾ ತಂಡ ಪ್ರಶಸ್ತಿ ಗೆದ್ದಾಗ ಅದರ ತರಬೇತುದಾರರಾಗಿದ್ದವರು ನಮ್ಮ ಜಿಲ್ಲೆಯ ಇ. ಭಾಸ್ಕರನ್. ಊರಿನ ಹೆಸರನ್ನು ತಮ್ಮ ಹೆಸರಿನಲ್ಲೇ ಹೊತ್ತ ಜಗದೀಶ್ ಕುಂಬಳೆ ತೆಲುಗು ಟೈಟನ್ಸ್ ತಂಡವನ್ನು ತರಬೇತುಗೊಳಿಸಿದರು. 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗಡಿ, 1984ರ ಮೇ 24ರಂದು ರೂಪುಗೊಂಡ ಜಿಲ್ಲೆಯ ಗಡಿ, ಇವೆರಡೂ ಕಬಡ್ಡಿ ತಂಡಗಳನ್ನು ತಡೆಯಲಿಲ್ಲ. ಮಂಜೇಶ್ವರದ ತಂಡ ಬಂಟ್ವಾಳದಲ್ಲಿ ಆಡುತ್ತದೆ. ಪುತ್ತೂರಿನ ತಂಡ ಪೆರ್ಲದ ಅಂಗಣಕ್ಕೆ ಬರುತ್ತದೆ. ಚಂದ್ರಗಿರಿಯ ತೆಂಕಣದವರು ಬಡಗಣದವರ ಕಾಲು ಹಿಡಿಯುತ್ತಾರೆ. ಭಾಷೆಯ ವಿಚಾರದಲ್ಲಿ ನಾವು ಬಹಳಷ್ಟು ನೊಂದಿದ್ದೇವೆ. ಆದರೆ ಅಂಗಣದಲ್ಲಿ ಹಿಡಿದ ಕೈ ಯಾವ ಭಾಷೆಯದೆಂದು ಯಾರೂ ಕೇಳಿದ್ದಿಲ್ಲ.

ನಮಗೆ ಇದಕ್ಕಿಂತಲೂ ಹತ್ತಿರದ ಸಾದೃಶ್ಯ ಇನ್ನೊಂದಿದೆ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷವೆಂದರೆ ರಂಗಸ್ಥಳ ತುಂಬುವ ಗಾತ್ರ. ಬಣ್ಣದ ಮಾಲಿಂಗ, ಚಂದ್ರಗಿರಿ ಅಂಬು ಮೊದಲಾದವರು ತಾಸುಗಟ್ಟಲೆ ಕುಳಿತು ಚಿಟ್ಟಿಯಿಟ್ಟು, ಅಪರಾತ್ರಿಯಲ್ಲಿ ಅಬ್ಬರಿಸಿ ಬರುತ್ತಿದ್ದ ಆ ಪ್ರವೇಶಕ್ಕೆ ಊರೇ ಕಾಯುತ್ತಿತ್ತು. ಆಟ ಕಾಲಮಿತಿಗೆ ಇಳಿದಾಗ ಮೊದಲು ಕುಗ್ಗಿದ್ದು ಆ ವೇಷದ ಅವಕಾಶವೇ. ವೇಷದ ಯೋಗ್ಯತೆ ಕುಂದಲಿಲ್ಲ; ಅದಕ್ಕೆ ಬೇಕಾದ ಹೊತ್ತು ಇಲ್ಲವಾಯಿತು. ಉಸಿರು ಇರುವ ತನಕ ನಡೆಯುತ್ತಿದ್ದ ದಾಳಿ 30 ಸೆಕೆಂಡಿಗೆ ಇಳಿದಾಗ ಕಬಡ್ಡಿಯ ಭೀಮಕಾಯನಿಗೆ ಆದದ್ದೂ ಅದೇ.

ಕೊನೆಯದಾಗಿ ಒಂದು ಕಹಿ ಮಾತನ್ನು ಹೇಳದೆ ಇರಲಾರೆವು. ತೂಕದ ಪಂದ್ಯಾಟಗಳು ಸಣ್ಣ ದೇಹದ ಹುಡುಗರಿಗೆ ನ್ಯಾಯ ಕೊಡಲೆಂದು ಹುಟ್ಟಿದವು. ಈಗ ಅವುಗಳ ಹಿಂದಿನ ದಿನ ನಾವು ಏನನ್ನು ಕಾಣುತ್ತೇವೆ? ಒಂದೆರಡು ಕಿಲೋ ಇಳಿಸಿಕೊಳ್ಳಲು ಉಪವಾಸ ಬೀಳುವ ಹುಡುಗರು. ಬೇಸಗೆಯ ಮಧ್ಯಾಹ್ನ ದಪ್ಪ ಬಟ್ಟೆ ತೊಟ್ಟು ಓಡುವವರು. ನೀರನ್ನೂ ಕುಡಿಯದೆ ತಕ್ಕಡಿಯ ಸರದಿಯಲ್ಲಿ ಬಾಡಿ ನಿಂತವರು. ತೂಗಿದ ಮೇಲೆ ಒಮ್ಮೆಲೇ ತಿಂದು ಕುಡಿದು, ಅದೇ ರಾತ್ರಿ ಅಂಗಣಕ್ಕಿಳಿಯುತ್ತಾರೆ. ಮೈಯ ನೀರು ಆರಿದರೆ ಸ್ನಾಯು ಸೆಳೆಯುತ್ತದೆ, ತಲೆ ತಿರುಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಬೆಳೆಯುವ ವಯಸ್ಸಿನ ದೇಹಕ್ಕೆ ಬೆಳೆಯಬೇಡವೆಂದು ಹೇಳುವ ಆಟ ಯಾವ ಆಟ? ನಿಜವಾಗಿ ದೊಡ್ಡ ಮೈಯ ಹುಡುಗನೋ ಹದಿನಾರರಲ್ಲೇ ತನಗೆ ಇಲ್ಲಿ ಕೆಲಸವಿಲ್ಲವೆಂದು ತಿಳಿದು ಹಗ್ಗಜಗ್ಗಾಟದ ಕಡೆಗೆ ಹೋಗುತ್ತಾನೆ. ಅಲ್ಲಿಯೂ ತಂಡದ ಒಟ್ಟು ತೂಕದ ಲೆಕ್ಕ ಅವನನ್ನು ಕಾದಿರುತ್ತದೆ.

ಚರಿತ್ರೆ ನಮಗೆ ತಿಳಿಸುವುದು ಇಷ್ಟು: ದೇಹಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ, ಬೆಲೆಯನ್ನು ಕೊಡುವುದು ನಿಯಮ. ನಿಯಮವನ್ನು ಮಾಡುವವರು ಮನುಷ್ಯರು. ಅಮೆರಿಕದಲ್ಲಿ ಗೆರೆ ಅಗಲಿಸಿದವರೂ ಮನುಷ್ಯರು. 80 ಕಿಲೋವನ್ನು 85ಕ್ಕೆ ಏರಿಸಿದವರೂ ಮನುಷ್ಯರು. ಎನ್.ಬಿ.ಎ.ಯ ನಿಯಮ ನಮ್ಮ ಕೈಯಲ್ಲಿಲ್ಲ, ಫೆಡರೇಷನಿನದೂ ಇಲ್ಲ. ಆದರೆ ನಮ್ಮ ಗದ್ದೆಯ ಪಂದ್ಯಾಟದ ನಿಯಮ ನಮ್ಮ ಸಂಘಗಳ ಕೈಯಲ್ಲೇ ಇದೆ. ಹುಡುಗರನ್ನು ಆಟದ ದಿನ ತೂಗುವ ಬದಲು ಋತುವಿನ ಆರಂಭದಲ್ಲಿ ಒಮ್ಮೆ ತೂಗಿ ವಿಭಾಗ ಗೊತ್ತುಪಡಿಸಬಹುದು. ತೂಕದ ಪಂದ್ಯಾಟ ನಡೆಸುವ ಸಂಘ ವರ್ಷಕ್ಕೊಂದು ಮುಕ್ತ ಪಂದ್ಯಾಟವನ್ನೂ ನಡೆಸಬಹುದು. ಇದಕ್ಕೆ ಹಣಕ್ಕಿಂತ ಮನಸ್ಸು ಬೇಕು.

ಹಿಂದೆ ಗೆರೆ ಮುಟ್ಟುವ ತನಕ ಉಸಿರು ಬಿಡದೆ ನಾಲ್ವರನ್ನು ಎಳೆದ ಆ ದೊಡ್ಡ ಆಳಿಗೆ ಯಾರೂ ಹರಾಜು ಕೂಗಲಿಲ್ಲ. ಮರುದಿನ ಬೆಳಿಗ್ಗೆ ಅವನು ಮತ್ತೆ ಗದ್ದೆಗೆ ಹೋದನು. ಊರು ಮಾತ್ರ ಅವನ ಹೆಸರನ್ನು ಮರೆಯಲಿಲ್ಲ. ಕೋಟಿಗಳ ಈ ಕಾಲದಲ್ಲೂ ಆ ಹೆಸರನ್ನು ಬರೆದಿಡುವ ಕೆಲಸ ನಮ್ಮ ಮುಂದಿದೆ. ಪ್ರತಿಯೊಂದು ಊರಿನ ಸಂಘವೂ ತನ್ನ ಹಿರಿಯ ಆಟಗಾರರನ್ನು ಕಂಡು, ಕೇಳಿ, ದಾಖಲಿಸಿಕೊಂಡರೆ, ಕಾಸರಗೋಡಿನ ಕನ್ನಡ ಬದುಕಿನ ಚರಿತ್ರೆಗೆ ಇನ್ನೂ ಯಾರೂ ಬರೆಯದ ಒಂದು ಅಧ್ಯಾಯ ಸೇರುತ್ತದೆ.